ಬಿಸಿಲಿಗೆ ಸೊರಗದ ಮರಿ

ಸಹೋದರಿಯರೇ, ಬಕ್ರೀದ್ ಮುಗಿದು ಐದಾರು ತಿಂಗಳಾದರೆ ಮುಂದಿನ ಬಕ್ರೀದಿಗೆ ಮರಿ ತರುವ ಮಾತು ಮನೆಯಲ್ಲಿ ಶುರುವಾಗುತ್ತದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಕಡೆ ಎಷ್ಟೋ ಮನೆಗಳಲ್ಲಿ ಹಿತ್ತಿಲಿನ ಎರಡು ಮೇಕೆಗಳೇ ಗೃಹಿಣಿಯ ಉಳಿತಾಯ. ಒಂದು ಕುರ್ಬಾನಿಗೆ, ಇನ್ನೊಂದು ಮಾರಿ ಮಗಳ ಕಾಲೇಜು ಶುಲ್ಕಕ್ಕೆ. ಹಾಗಿರುವಾಗ ಕೂಡಿಟ್ಟ ಹಣದಲ್ಲಿ ಮರಿ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಇದು ನಮ್ಮ ಬೇಸಿಗೆಯನ್ನು ತಾಳೀತೇ?

ಈ ಪ್ರಶ್ನೆ ಈಗ ಮುಖ್ಯವಾಗಲು ಕಾರಣವಿದೆ. ಬಕ್ರೀದ್ ಪ್ರತಿ ವರ್ಷ 10-11 ದಿನ ಮೊದಲೇ ಬರುತ್ತದೆ. 2025ರಲ್ಲಿ ಜೂನ್ 7ಕ್ಕೆ ಬಂದಿತ್ತು. 2026ರಿಂದ ಮೇ ತಿಂಗಳಿಗೆ, 2029ರ ವೇಳೆಗೆ ಏಪ್ರಿಲ್‌ಗೆ ಸರಿಯುತ್ತದೆ. ಅಂದರೆ ಮರಿ ಮೈ ತುಂಬಿಕೊಳ್ಳಬೇಕಾದ ದಿನಗಳೇ ಕಡುಬೇಸಿಗೆಯ ದಿನಗಳು. ತಿಂದ ಮೇವು ಅರಗುವಾಗ ಹೊಟ್ಟೆಯಲ್ಲಿ ಶಾಖ ಹುಟ್ಟುತ್ತದೆ. ಆದ್ದರಿಂದ ಸೆಕೆ ತಾಳದ ಪ್ರಾಣಿ ಮೇವನ್ನೇ ಕಡಿಮೆ ಮಾಡುತ್ತದೆ, ತೂಕ ನಿಂತುಹೋಗುತ್ತದೆ. ಹಸು ಸಾಕಿದವರಿಗೆ ಇದು ಹೊಸತಲ್ಲ. ಯುರೋಪಿನ ತಂಪು ನಾಡಿನ ಎಚ್.ಎಫ್. ಹಸು ಬೇಸಿಗೆಯಲ್ಲಿ ಹಾಲು ಇಳಿಸುತ್ತದೆ, ನಮ್ಮ ಹಳ್ಳಿಕಾರ್ ಎತ್ತು ಅದೇ ಬಿಸಿಲಲ್ಲಿ ನೇಗಿಲು ಎಳೆಯುತ್ತದೆ.

ಸಂತೆಯಲ್ಲಿ ಕಣ್ಣು ಹೋಗುವುದು ಎತ್ತರದ, ಉದ್ದ ಕಿವಿಯ ಜಮುನಾಪಾರಿ ಕಡೆಗೆ. ಅದು ಉತ್ತರ ಪ್ರದೇಶದ ಯಮುನಾ ತೀರದ್ದು. ದೊಡ್ಡ ಮೈಗೆ ಮೇವೂ ದೊಡ್ಡದೇ ಬೇಕು. ಬೇಸಿಗೆಯಲ್ಲಿ ಅಷ್ಟು ಹಸಿರು ನಿಮ್ಮಲ್ಲಿದೆಯೇ? ಮರಾಠವಾಡದ ಒಣ ನೆಲದ ಕಪ್ಪು ಉಸ್ಮಾನಾಬಾದಿ ಗಟ್ಟಿ ಜೀವ, ಅವಳಿ ಮರಿ ಹಾಕುವುದೂ ಉಂಟು. ನಮ್ಮ ರಾಜ್ಯದ್ದೇ ಆದ, ಹೆಚ್ಚಾಗಿ ಬಿಳಿ ಬಣ್ಣದ ನಂದಿದುರ್ಗ ಮೇಕೆಯೂ ಇದೆ. ಬಿಳಿ ಮೈ ಬಿಸಿಲನ್ನು ಕಡಿಮೆ ಹೀರುತ್ತದೆ. ಕುರಿಯೇ ಬೇಕೆನ್ನುವವರಿಗೆ ಆಂಧ್ರದ ಕಡೆಯ ನೆಲ್ಲೂರು ಕುರಿ ಒಳ್ಳೆಯದು. ಅದಕ್ಕೆ ಉಣ್ಣೆಯ ಹೊರೆ ಇಲ್ಲ, ಉದ್ದ ಕಾಲಿನಲ್ಲಿ ದೂರ ನಡೆದು ಮೇಯುತ್ತದೆ.

ಮರಿ ಎಂಥದ್ದೇ ಇರಲಿ, ನಿಮ್ಮ ಊರಿನ ಮೇವಿಗೆ ಅದು ಒಗ್ಗಬೇಕು. ಶಿಡ್ಲಘಟ್ಟದವರಿಗೆ ರೇಷ್ಮೆ ಹುಳು ತಿಂದು ಉಳಿದ ಹಿಪ್ಪುನೇರಳೆ ಸೊಪ್ಪು ಇದೆ, ಅದರಲ್ಲಿ ಪ್ರೋಟೀನ್ ಧಾರಾಳ. ಆದರೆ ಔಷಧಿ ಸಿಂಪಡಿಸಿದ ಸೊಪ್ಪು, ಸತ್ತ ಹುಳುಗಳಿರುವ ಕಸ ಬೇಡ. ಗೌರಿಬಿದನೂರಿನ ಕಡೆ ಕಡಲೆಕಾಯಿ ಬಳ್ಳಿ, ಜೋಳದ ಸಪ್ಪೆ ಒಣಗಿಸಿಟ್ಟುಕೊಳ್ಳಬಹುದು. ಮೇವು ಹಾಕುವುದು ಬೆಳಗಿನ ಜಾವ ಮತ್ತು ಸಂಜೆ. ಮಧ್ಯಾಹ್ನ ಮರದ ನೆರಳು, ಬಕೆಟ್ ತುಂಬ ತಣ್ಣೀರು ಸಾಕು. ತಗಡಿನ ಶೆಡ್ ಇದ್ದರೆ ಮೇಲೆ ತೆಂಗಿನ ಗರಿ ಹೊದಿಸಿ.

ತಂದ ಕೂಡಲೇ ಪಶು ಆಸ್ಪತ್ರೆಯಲ್ಲಿ ಕೇಳಿ ಪಿಪಿಆರ್ ಲಸಿಕೆ, ಮಳೆಗಾಲಕ್ಕೆ ಮೊದಲು ಕರುಳು ಬೇನೆಯ ಲಸಿಕೆ ಹಾಕಿಸಿ.

ಕುರ್ಬಾನಿಯ ಮೇಕೆಗೆ ಒಂದು ವರ್ಷ ತುಂಬಿರಬೇಕು. ಕುಂಟು, ಕುರುಡು, ರೋಗ ಇರಬಾರದು, ತೀರಾ ಬಡಕಲಾಗಿಯೂ ಇರಬಾರದು ಎಂಬುದು ನಿಮಗೆ ತಿಳಿದೇ ಇದೆ. ಡಿಸೆಂಬರಿನಲ್ಲಿ ಕೊಬ್ಬಿದ್ದ ಮರಿ ಮೇ ತಿಂಗಳಿಗೆ ಎಲುಬಿನ ಗೂಡಾದರೆ ಹಣವೂ ಹೋಯಿತು, ಕುರ್ಬಾನಿಯೂ ಕೈತಪ್ಪಿತು. ಆದ್ದರಿಂದ ಮರಿಯ ಎತ್ತರ ನೋಡಿ ಮಾರುಹೋಗಬೇಡಿ. ಮಾರುವವನನ್ನು, 'ಕಳೆದ ಬೇಸಿಗೆಯನ್ನು ಇದರ ತಾಯಿ ಎಲ್ಲಿ ಕಳೆಯಿತು?' ಎಂದು ಕೇಳಿ.