ಹಸಿದವನಿಗೆ ಬೇಕಾದ್ದು ರೊಟ್ಟಿ, ಅರ್ಜಿ ನಮೂನೆಯಲ್ಲ!



ಗಾಳಿ ಮಳೆಗೆ ಮನೆಯ ತಗಡು ಹಾರಿಹೋದ ರಾತ್ರಿ ನಿಮ್ಮ ಮಕ್ಕಳು ಏನು ತಿನ್ನುತ್ತಾರೆ? ಒಮ್ಮೆ ಯೋಚಿಸಿ ನೋಡಿ. ಮಣ್ಣಿನ ಗೋಡೆ ನೆನೆದು ಒಲೆಯ ಮೇಲೆ ಕುಸಿದಿದೆ. ಕಟ್ಟಿಗೆ ತೊಯ್ದಿದೆ. ಜೋಳದ ಚೀಲಕ್ಕೆ ನೀರು ಹೊಕ್ಕಿದೆ. ಕರೆಂಟು ಹೋಗಿ ಹಿಟ್ಟಿನ ಗಿರಣಿ ನಿಂತಿದೆ. ಬೆಳಗಾದರೆ ಬರುವವರು ಯಾರು? ಫೋಟೋ ತೆಗೆಯುವವರು ಬರುತ್ತಾರೆ, ಪಂಚನಾಮೆ ಬರೆಯುವವರು ಬರುತ್ತಾರೆ, ಓಟು ಕೇಳುವವರು ಬರುತ್ತಾರೆ. ಅನ್ನ ಮಾತ್ರ ಎಲ್ಲರ ಹಿಂದೆ ಬರುತ್ತದೆ!

ಬ್ಯಾಡಗಿ ಎಂದರೆ ಜಗತ್ತಿಗೆ ಕೆಂಪು ಮೆಣಸಿನಕಾಯಿ. ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಸಂತೋಷ. ಆದರೆ ಆ ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ತಾಯಂದಿರು, ಸುತ್ತಲ ಹಳ್ಳಿಗಳ ಕೂಲಿಕಾರರು ಇದ್ದಾರಲ್ಲ, ಅವರ ಬದುಕು ಆ ದಿನದ ದುಡಿಮೆ ಆ ದಿನಕ್ಕೆ. ನಾಲ್ಕು ದಿನ ಮಳೆ ಹಿಡಿದರೆ ಮನೆ ನಿಂತಿದ್ದರೂ ಅವರ ಒಲೆ ಹತ್ತುವುದಿಲ್ಲ. ಹೊಳೆ ಉಕ್ಕಿದ ಊರಿಗೆ ಕ್ಯಾಮೆರಾ ಹೋಗುತ್ತದೆ. ಉಪವಾಸ ಮಲಗಿದ ಓಣಿಗೆ ಯಾರು ಹೋಗುತ್ತಾರೆ?

ನಮ್ಮ ಹಾವೇರಿ ಜಿಲ್ಲೆಗೆ ಇದು ಹೊಸ ಸಂಕಟವಲ್ಲ. ತುಂಗಭದ್ರೆ, ವರದೆ, ಧರ್ಮಾ, ಕುಮುದ್ವತಿ ಹರಿಯುವ ನೆಲ ಇದು. 2009ರ ಸೆಪ್ಟೆಂಬರ್ ಕೊನೆಗೆ ಸುರಿದ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತು, ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. 2019ರ ಆಗಸ್ಟಿನಲ್ಲಿ ಮತ್ತೆ ಅದೇ ಗೋಳು. ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಬೇಕಾಯಿತು. ರಾಜ್ಯ ಸರ್ಕಾರ ಲೆಕ್ಕ ಹಾಕಿದ ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಮೀರಿತ್ತು. ಎರಡು ತಿಂಗಳು ಕಾದ ಮೇಲೆ, ಅಕ್ಟೋಬರಿನಲ್ಲಿ, ದೆಹಲಿಯಿಂದ ಬಂದದ್ದು 1,200 ಕೋಟಿ! ಹಸಿವು ಎರಡು ತಿಂಗಳು ಕಾಯುತ್ತದೆಯೇ ಸ್ವಾಮಿ?

ಹಾಗಾದರೆ ಅಂದು ಜನರ ಹೊಟ್ಟೆ ತುಂಬಿಸಿದವರು ಯಾರು? ಜನರೇ! ನೀರು ಬಾರದ ಊರುಗಳ ಹೆಣ್ಣುಮಕ್ಕಳು ರೊಟ್ಟಿ ಬಡಿದರು, ಶೇಂಗಾ ಚಟ್ನಿ ಕುಟ್ಟಿದರು, ಗಂಟು ಕಟ್ಟಿ ಲಾರಿ ಟ್ರ್ಯಾಕ್ಟರುಗಳಲ್ಲಿ ಕಳಿಸಿದರು. ಮಠಗಳು ದಾಸೋಹದ ಒಲೆ ಆರಲು ಬಿಡಲಿಲ್ಲ. ಆ ತಾಯಂದಿರಿಗೆ ಯಾವ ತಜ್ಞರೂ ಪಾಠ ಹೇಳಿರಲಿಲ್ಲ. ಖಡಕ್ ರೊಟ್ಟಿ ವಾರವಾದರೂ ಕೆಡದು, ಅದನ್ನು ತಿನ್ನಲು ಒಲೆ ಬೇಡ, ಪಾತ್ರೆ ಬೇಡ ಎಂಬುದು ಅವರಿಗೆ ಗೊತ್ತಿತ್ತು. ಮಂಡಕ್ಕಿ, ಅವಲಕ್ಕಿ, ಶೇಂಗಾ, ಬೆಲ್ಲ ಇವೂ ಹಾಗೆಯೇ. ಸರ್ಕಾರದ ಕಿಟ್ಟಿನಲ್ಲಿ ಬರುವುದೇನು? ಅಕ್ಕಿ, ಬೇಳೆ, ಎಣ್ಣೆ, ಉಪ್ಪು. ಬೇಡವೆನ್ನುವುದಿಲ್ಲ. ಆದರೆ ಒಲೆಯೇ ಕೊಚ್ಚಿಹೋದ ಮನೆಗೆ ಹಸಿ ಅಕ್ಕಿ ಕೊಟ್ಟರೆ ಅದು ಊಟವಾಗುತ್ತದೆಯೇ? ಮೊದಲ ಮೂರು ದಿನ ಬೇಯಿಸಿದ್ದನ್ನು ಕೊಡಿ. ಬೇಯಿಸಿಕೊಳ್ಳುವುದನ್ನು ಆಮೇಲೆ ಕೊಡಿ. ಇಷ್ಟು ಸಣ್ಣ ಮಾತು ವಿಧಾನಸೌಧಕ್ಕೆ ಏಕೆ ತಿಳಿಯುವುದಿಲ್ಲ?

ಇನ್ನೊಂದು ಮಾತು. ಗಂಜಿ ಕೇಂದ್ರಕ್ಕೆ ಈಗ ‘ಕಾಳಜಿ ಕೇಂದ್ರ’ ಎಂಬ ಚೆಂದದ ಹೆಸರು ಬಂದಿದೆ. ಹೆಸರು ಒಳ್ಳೆಯದೇ. ಆದರೆ ಎತ್ತು ಎಮ್ಮೆ ಬಿಟ್ಟು ರೈತ ಕೇಂದ್ರಕ್ಕೆ ಬರುವುದಿಲ್ಲ. ಎದ್ದು ನಡೆಯಲಾಗದ ಅಜ್ಜಿ ಬರುವುದಿಲ್ಲ. ಹಸಿ ಬಾಣಂತಿ ಬರುವುದಿಲ್ಲ. ಇವರಿಗೆ ಅನ್ನವಿಲ್ಲವೇ? ಇದೆ! ಜೀವನೋಪಾಯವೇ ಕೆಟ್ಟುಹೋಗಿ, ಕೇಂದ್ರಕ್ಕೂ ಬಾರದ ಕುಟುಂಬಗಳಿಗೆ ಊಟದ ಹಣ ಕೊಡಬೇಕೆಂದು ವಿಪತ್ತು ಪರಿಹಾರ ನಿಧಿಯ ನಿಯಮದಲ್ಲೇ ಬರೆದಿತ್ತು. 2015ರಿಂದ 2020ರ ವರೆಗಿನ ನಿಯಮದಂತೆ ದಿನಕ್ಕೆ ದೊಡ್ಡವರಿಗೆ 60 ರೂಪಾಯಿ, ಮಕ್ಕಳಿಗೆ 45 ರೂಪಾಯಿ. ಇದನ್ನು ನಿಮ್ಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದದ್ದನ್ನು ಎಂದಾದರೂ ನೋಡಿದ್ದೀರಾ? ಯಾರಾದರೂ ಡಂಗುರ ಸಾರಿದ್ದು ಕೇಳಿದ್ದೀರಾ?

ಇಲ್ಲೇ ಬರುತ್ತದೆ ನಮ್ಮ ನುಡಿಯ ಪ್ರಶ್ನೆ. ನೆರೆ ಬಂದಾಗಲೂ ಭಾಷೆಯ ಮಾತೇ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಹೇಳಿ: ಓದಲು ಬಾರದ ಭಾಷೆಯಲ್ಲಿ ಬರೆದಿಟ್ಟ ಹಕ್ಕು, ಬೀಗ ಹಾಕಿದ ಕಣಜದ ಜೋಳದಂತೆ. ಇದೆ, ಆದರೆ ಹೊಟ್ಟೆಗಿಲ್ಲ! ದೋಣಿ ತಂದು ಜೀವ ಉಳಿಸುವ ಯೋಧ ಯಾವ ನುಡಿಯವನಾದರೂ ಅವನಿಗೆ ಕೈ ಮುಗಿಯೋಣ. ಆದರೆ ಅವನ ಜೊತೆ ಕನ್ನಡ ಬಲ್ಲವರೊಬ್ಬರನ್ನು ಕಳಿಸುವುದು ಸರ್ಕಾರದ ಕೆಲಸ. ಒಳಗೆ ಇನ್ನೂ ಒಬ್ಬ ಮುದುಕಿ ಇದ್ದಾಳೆ ಎಂದು ಕೂಗಿದರೆ ತಿಳಿಯಬೇಡವೇ? 1963ರಲ್ಲೇ ಕನ್ನಡ ಆಡಳಿತ ಭಾಷೆಯೆಂದು ಕಾನೂನಾಯಿತು. ಮಳೆಯ ಮುನ್ನೆಚ್ಚರಿಕೆ, ಪರಿಹಾರದ ಪಟ್ಟಿ, ಅರ್ಜಿ, ರಸೀದಿ ಎಲ್ಲವೂ ಮೊದಲು ಕನ್ನಡದಲ್ಲಿರಬೇಕು. ಇದು ಭಿಕ್ಷೆಯಲ್ಲ, ಕಾನೂನು!

ಒಂದು ಕಾಲವಿತ್ತು. ನಮ್ಮ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಬರ, ನಮ್ಮ ನೆರೆ ಎಲ್ಲವನ್ನೂ ದೂರದ ಊರಿನಲ್ಲಿ, ನಮ್ಮದಲ್ಲದ ನುಡಿಯಲ್ಲಿ ತೀರ್ಮಾನಿಸುತ್ತಿದ್ದರು. ಸರ್ಕಾರ ನಮ್ಮ ಬಾಗಿಲಿಗೆ ಬರಲಿ, ನಮ್ಮ ನುಡಿಯಲ್ಲಿ ಮಾತಾಡಲಿ ಎಂದೇ ಹಿರಿಯರು ಏಕೀಕರಣಕ್ಕೆ ಹೋರಾಡಿದರು. ನಮ್ಮದೇ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ್ದು ಏತಕ್ಕೆ? ರೈತನ ಕಂದಾಯವನ್ನು ಪರಕೀಯರು ಒಯ್ಯಬಾರದೆಂದು. ಕಂದಾಯಕ್ಕೆ ದಾರಿ ಗೊತ್ತಿರುವ ಸರ್ಕಾರಕ್ಕೆ ಗಂಜಿ ತರುವ ದಾರಿ ಗೊತ್ತಿಲ್ಲವೆಂದರೆ ಆ ಹುತಾತ್ಮರಿಗೆ ನಾವು ಏನು ಉತ್ತರ ಹೇಳೋಣ?

ನಮ್ಮ ಬೇಡಿಕೆ ದೊಡ್ಡದೇನಲ್ಲ.

ಒಂದು: ಪ್ರತಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆ ಇದೆ. ಗ್ಯಾಸ್ ಇದೆ, ದೊಡ್ಡ ಪಾತ್ರೆಗಳಿವೆ, ಊರನ್ನು ಬಲ್ಲ ಅಡುಗೆಯ ತಾಯಂದಿರಿದ್ದಾರೆ. ಬಿರುಗಾಳಿ ಬೀಸಿದ ರಾತ್ರಿಯೇ ಮೇಲಿನ ಅಪ್ಪಣೆಗೆ ಕಾಯದೆ ಅದನ್ನು ತೆರೆಯುವ ಅಧಿಕಾರವನ್ನು ಊರಿಗೇ ಕೊಡಿ. ಆ ತಾಯಂದಿರಿಗೆ ಆ ದಿನಗಳ ಸಂಬಳವನ್ನೂ ಕೊಡಿ.

ಎರಡು: ನೆರೆ, ಬಿರುಗಾಳಿಯ ಹೊತ್ತಿನಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೇಳಬೇಡಿ. ಕರೆಂಟಿಲ್ಲದ ಊರಿನಲ್ಲಿ ‘ಸರ್ವರ್ ಇಲ್ಲ’ ಎಂದು ಹಸಿದವರನ್ನು ತಿರುಗಿ ಕಳಿಸುವುದು ಪಾಪ. ಹೆಸರು ಬರೆದುಕೊಂಡು ಅಕ್ಕಿ ಕೊಡಿ.

ಮೂರು: ಏಪ್ರಿಲ್ ಮೇ ತಿಂಗಳ ಅಡ್ಡಮಳೆ ಶುರುವಾಗುವ ಮೊದಲೇ ಮಹಿಳಾ ಸಂಘಗಳಿಗೆ ದುಡ್ಡು ಕೊಟ್ಟು ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿಸಲು ಒಪ್ಪಂದ ಮಾಡಿಕೊಳ್ಳಿ. ದುಡ್ಡು ಊರಲ್ಲೇ ಉಳಿಯುತ್ತದೆ, ಊಟ ಅದೇ ದಿನ ಸಿಗುತ್ತದೆ.

ನಾಲ್ಕು: ಪಂಚನಾಮೆಯನ್ನು ಜನರ ಮುಂದೆ ಕನ್ನಡದಲ್ಲಿ ಓದಿ ಹೇಳಿ, ಪ್ರತಿಯನ್ನು ಕೈಗೆ ಕೊಡಿ. ಯಾರಿಗೆ ಏನು ಸಿಗಬೇಕೆಂಬುದನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಿ.

ಬಂಧುಗಳೇ, ಸರ್ಕಾರವನ್ನು ಬೈದು ಮನೆಗೆ ಹೋಗಿ ಮಲಗಿದರೆ ನಡೆಯದು. ನಿಮ್ಮ ಓಣಿಯಲ್ಲಿ ಒಂಟಿ ಮುದುಕರು ಎಷ್ಟು, ಬಾಣಂತಿಯರು ಎಷ್ಟು, ಮಣ್ಣಿನ ಮನೆ ಎಷ್ಟು ಎಂದು ಇಂದೇ ಪಟ್ಟಿ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಮಳೆ ಬಂದರೆ ನಮ್ಮೂರ ಅಡುಗೆಮನೆಯ ಕೀಲಿ ಯಾರ ಕೈಯಲ್ಲಿದೆ? ಉತ್ತರ ಕನ್ನಡದಲ್ಲಿ, ಕಾಗದದ ಮೇಲೆ, ಸಹಿ ಸಮೇತ ಸಿಗುವವರೆಗೆ ಕೂಡಬೇಡಿ.

ಕನ್ನಡ ಉಳಿಯಬೇಕಾದರೆ ಮೊದಲು ಕನ್ನಡಿಗ ಉಳಿಯಬೇಕು. ಕನ್ನಡಿಗ ಉಳಿಯಬೇಕಾದರೆ ಅವನ ಒಲೆ ಉರಿಯಬೇಕು!

ಸಿರಿಗನ್ನಡಂ ಗೆಲ್ಗೆ!