ನಗುವವರ ಮುಂದೆ ಎಡವಿ ಬಿದ್ದವರು



‘ನಗುವವರ ಮುಂದೆ ಎಡವಿ ಬಿದ್ದಂತೆ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಲು ನಿಮ್ಮಲ್ಲಿ ಅನೇಕರಿಗೆ ಕೊಟ್ಟಿದ್ದೇನೆ. ಮಯಸಭೆಯಲ್ಲಿ ನೀರನ್ನು ನೆಲವೆಂದು ಭ್ರಮಿಸಿ ಬಿದ್ದ ದುರ್ಯೋಧನನನ್ನೂ, ಆಗ ಎದ್ದ ನಗೆಯನ್ನೂ ಉದಾಹರಿಸಿದವರಿಗೆ ಒಂದು ಅಂಕ ಹೆಚ್ಚಾಗಿಯೇ ದೊರೆಯುತ್ತಿತ್ತು. ಆ ಗಾದೆ ಹುಟ್ಟಿದ ಕಾಲದಲ್ಲಿ ನಗುವವರು ಐದಾರು ಮಂದಿ. ಹರಿಹರದ ಹೊಳೆಯ ಮೆಟ್ಟಿಲಿನ ಮೇಲೆ ಯಾರಾದರೂ ಜಾರಿದರೆ ನಕ್ಕವರೇ ಕೈಹಿಡಿದು ಎಬ್ಬಿಸುತ್ತಿದ್ದರು; ಸಂಜೆಯ ಹೊತ್ತಿಗೆ ಅದು ಮರೆತುಹೋಗುತ್ತಿತ್ತು. ಇಂದು ಬಿದ್ದವರು ಎದ್ದು ಮನೆ ಸೇರುವುದರೊಳಗೆ ಆ ದೃಶ್ಯ ಊರೂರು ಸುತ್ತಿ ಬಂದಿರುತ್ತದೆ.

ಕಳೆದ ಮಳೆಗಾಲದಲ್ಲಿ ದಾವಣಗೆರೆಯ ರಸ್ತೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಸ್ಕೂಟರಿನಿಂದ ಜಾರಿ ಕೆಸರುನೀರಿಗೆ ಬಿದ್ದರು. ಸೀರೆ ಮೊಣಕಾಲಿನವರೆಗೆ ಸರಿದಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದು, ಹಾಸ್ಯದ ಹಾಡೊಂದನ್ನು ಜೋಡಿಸಿ ಹರಿಯಬಿಟ್ಟರು. ಹರಿಹರದಲ್ಲಿರುವ ಅವರ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೂ ಅದು ಬಂದಿತು. ಪೆಟ್ಟು ಎಂಟು ದಿನಗಳಲ್ಲಿ ಮಾಯಿತು. ಆ ತಾಯಿ ಮಾತ್ರ ಎರಡು ತಿಂಗಳು ಮಾರುಕಟ್ಟೆಗೂ ಹೋಗಲಿಲ್ಲ, ಮದುವೆಮನೆಗೂ ಹೋಗಲಿಲ್ಲ. ಮಗ ಫೋನ್ ಮಾಡಿ ಕೇಳಿದ: “ಸರ್, ಯಾರ ಮೇಲೆ ದೂರು ಕೊಡಲಿ? ತೆಗೆದವನ ಮೇಲೋ, ಕಳುಹಿಸಿದವರ ಮೇಲೋ?” ನಾನು ವಕೀಲನಲ್ಲ, ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೀದಿಯಲ್ಲಿ ಬಿದ್ದಮೇಲೆ ಖಾಸಗಿತನವೆಲ್ಲಿಯದು ಎಂದು ಹಲವರು ವಾದಿಸುತ್ತಾರೆ. ಈ ವಾದಕ್ಕೆ ಉತ್ತರ ಬಂದಿರುವುದು ನಮ್ಮ ನಾಡಿನವರೊಬ್ಬರ ಹೆಸರಿನ ಪ್ರಕರಣದಲ್ಲಿಯೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಸಾರ್ವಜನಿಕ ಸ್ಥಳದಲ್ಲಿರುವ ಮಾತ್ರಕ್ಕೆ ವ್ಯಕ್ತಿಯ ಖಾಸಗಿತನ ಅಳಿಯುವುದಿಲ್ಲ, ಅದು ಮನುಷ್ಯನ ಘನತೆಗೆ ಅಂಟಿಕೊಂಡಿರುವಂಥದು ಎಂಬುದು ಆ ತೀರ್ಪಿನಲ್ಲಿರುವ ವಿಚಾರ.

ಇನ್ನು ಶಿಕ್ಷೆಯ ಮಾತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಇ ಪ್ರಕಾರ, ವ್ಯಕ್ತಿಯ ಗುಪ್ತಾಂಗಗಳ ಚಿತ್ರವನ್ನು, ಅವು ಒಳಉಡುಪಿನಿಂದ ಮುಚ್ಚಿದ್ದರೂ ಸರಿಯೇ, ಒಪ್ಪಿಗೆಯಿಲ್ಲದೆ ಉದ್ದೇಶಪೂರ್ವಕವಾಗಿ ತೆಗೆಯುವುದು, ಪ್ರಕಟಿಸುವುದು, ಕಳುಹಿಸುವುದು ಮೂರೂ ಅಪರಾಧ. ಸ್ಥಳ ಸಾರ್ವಜನಿಕವೋ ಖಾಸಗಿಯೋ ಎಂಬುದು ಮುಖ್ಯವಲ್ಲವೆಂದು ಕಾಯ್ದೆಯ ವಿವರಣೆಯೇ ಹೇಳುತ್ತದೆ. ಶಿಕ್ಷೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ‘ನಾನು ತೆಗೆದದ್ದಲ್ಲ, ಬಂದದ್ದನ್ನು ಮುಂದೆ ಕಳುಹಿಸಿದೆ, ಅಷ್ಟೆ’ ಎಂಬ ಸಮಜಾಯಿಷಿ ಇಲ್ಲಿ ರಕ್ಷಣೆಯಾಗದು. ಹೆಣ್ಣುಮಗಳ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಆಕೆಯ ಖಾಸಗಿತನವನ್ನು ಅತಿಕ್ರಮಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 79 ಇದೆ. ‘ಕುಡಿದು ಬಿದ್ದಳು’ ಎಂದು ಸುಳ್ಳು ಒಕ್ಕಣೆ ಸೇರಿಸಿದರೆ ಸೆಕ್ಷನ್ 356ರ ಮಾನಹಾನಿಯ ಪ್ರಶ್ನೆಯೂ ಏಳುತ್ತದೆ.

ಆದರೆ ನನ್ನ ಶಿಷ್ಯನ ತಾಯಿಯ ಸ್ಥಿತಿಯನ್ನು ನೋಡಿ. ಗುಪ್ತಾಂಗವೇನೂ ಕಂಡಿಲ್ಲ, ಅಶ್ಲೀಲ ಮಾತಿಲ್ಲ, ಸುಳ್ಳೂ ಇಲ್ಲ. ಬರಿಯ ನಗು. ಇಂತಹ ನಗುವಿಗೆ ನಮ್ಮ ದಂಡಸಂಹಿತೆಯಲ್ಲಿ ನೇರವಾದ ಹೆಸರಿಲ್ಲ. ಪರಿಹಾರ ಕೋರಿ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ಅದಕ್ಕೆ ಬೇಕಾದ ಹಣ, ಕಾಲ, ಧೈರ್ಯ ಎಷ್ಟು ಮನೆಗಳಲ್ಲಿ ಇದ್ದೀತು?

ಇಂತಹುದೇ ಪ್ರಕರಣವೊಂದು ಅಮೆರಿಕದ ಅಲಬಾಮ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ 1964ರಲ್ಲಿ ಬಂದಿತ್ತು. ಮಕ್ಕಳೊಡನೆ ನಮ್ಮ ದುಗ್ಗಮ್ಮನ ಜಾತ್ರೆಯಂತಹ ಮೇಳವೊಂದಕ್ಕೆ ಹೋಗಿದ್ದ ಗೃಹಿಣಿಯೊಬ್ಬರ ಉಡುಪು, ವಿನೋದಗೃಹದ ನೆಲದಿಂದ ಚಿಮ್ಮಿದ ಗಾಳಿಗೆ ಮೇಲೆದ್ದಿತು. ಆ ಕ್ಷಣದ ಚಿತ್ರವನ್ನು ಸ್ಥಳೀಯ ಪತ್ರಿಕೆ ಮುಖಪುಟದಲ್ಲಿ ಅಚ್ಚುಹಾಕಿತು. ಅರಿವಿಲ್ಲದೆ ಮುಜುಗರಕ್ಕೆ ಸಿಲುಕಿದವರು, ಸುತ್ತ ಜನರಿದ್ದರೆಂಬ ಕಾರಣಕ್ಕೆ ತಮ್ಮ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದು ನ್ಯಾಯಾಲಯವು ಪತ್ರಿಕೆ ಪರಿಹಾರ ಕೊಡಬೇಕೆಂಬ ತೀರ್ಪನ್ನು ಎತ್ತಿಹಿಡಿಯಿತು. ಗುರುತು ಸಿಗುವ ವ್ಯಕ್ತಿಯ ಆಕಸ್ಮಿಕ ಅವಮಾನವನ್ನು ವಿನೋದಕ್ಕಾಗಿ ಹಂಚುವವರಿಂದ ಸುಲಭವಾಗಿ, ಶೀಘ್ರವಾಗಿ ಪರಿಹಾರ ಕೊಡಿಸುವ ಸ್ಪಷ್ಟ ನಿಯಮ ನಮ್ಮಲ್ಲಿಯೂ ಬರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಹಾಗಾದರೆ ಚಿತ್ರ ತೆಗೆಯಲೇಬಾರದೇ? ತೆಗೆಯಿರಿ. ರಸ್ತೆಯ ಗುಂಡಿಗೂ, ಗುದ್ದಿ ಓಡಿಹೋದ ವಾಹನಕ್ಕೂ ಅದು ಸಾಕ್ಷಿ. ಸಾಕ್ಷಿಯನ್ನು ಪೊಲೀಸರಿಗೂ ನಗರಪಾಲಿಕೆಗೂ ಕೊಡಿ. ಪತ್ರಿಕೆಗೆ ಕೊಡುವುದಾದರೆ ಮುಖ ಮರೆಮಾಡಿ ಕೊಡಿ. ಆದರೆ ಮೊದಲು ಬಿದ್ದವರನ್ನು ಎಬ್ಬಿಸಿ. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ ಹದಿನೆಂಟರ ಹುಡುಗನೊಬ್ಬ ರಕ್ತದ ಮಡುವಿನಲ್ಲಿ ಅಂಗಲಾಚುತ್ತಿದ್ದಾಗ, ಸುತ್ತಲಿದ್ದ ಅನೇಕರು ಫೋಟೊ, ವಿಡಿಯೊ ತೆಗೆಯುತ್ತ ನಿಂತಿದ್ದರು. ಆ ಹುಡುಗ ಉಳಿಯಲಿಲ್ಲ. ನೆರವಾದವರಿಗೆ ಕಿರುಕುಳವಾಗದಂತೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೆಕ್ಷನ್ 134ಎ ಸೇರಿದೆ. ಕೇಸಿಗೆ ಹೆದರಿ ದೂರ ನಿಲ್ಲಬೇಕಾಗಿಲ್ಲ.

ಗುಂಪುಗಳ ಅಡ್ಮಿನ್‌ಗಳಾಗಿರುವ ನಿಮಗೊಂದು ಮಾತು. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಆದ ಮಾತ್ರಕ್ಕೆ ಹೊಣೆಯಾಗುವುದಿಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಕಾನೂನಿನ ಹೊಣೆ ಇಲ್ಲದಿರಬಹುದು. ಅಳಿಸುವ ಅಧಿಕಾರವಂತೂ ನಿಮ್ಮ ಕೈಯಲ್ಲಿದೆ.

ಶಿಷ್ಯನಿಗೆ ನಾನು ಹೇಳಿದ್ದಿಷ್ಟು: ವಿಡಿಯೊ ಬಂದ ದಿನಾಂಕ, ಸಂಖ್ಯೆ, ಪುಟಗಳ ಸ್ಕ್ರೀನ್‌ಶಾಟ್ ಇಟ್ಟುಕೋ, ಜಾಲತಾಣದ ದೂರು ಅಧಿಕಾರಿಗೆ ಬರೆ, ದಾವಣಗೆರೆಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ವಿಚಾರಿಸು, ವಕೀಲರೊಬ್ಬರನ್ನು ಕಾಣು. ಅದಕ್ಕೂ ಮೊದಲು ಬಂಧುಗಳ ಗುಂಪಿನಲ್ಲಿ, ‘ಇವರು ನನ್ನ ತಾಯಿ’ ಎಂದು ಬರೆ. ಅವನು ಬರೆದ. ಆ ಗುಂಪಿನಲ್ಲಿ ಹಾಕಿದವರೇ ಅಳಿಸಿದರು, ಇಬ್ಬರು ಮನೆಗೆ ಬಂದು ಕ್ಷಮೆ ಕೇಳಿದರು. ಹೊರಗೆ ಹರಿದುಹೋದ ಪ್ರತಿಗಳನ್ನು ಮರಳಿ ತರುವುದು ಯಾರಿಂದಲೂ ಆಗಲಿಲ್ಲ.

ಇಂತಹ ವಿಡಿಯೊ ನಿಮ್ಮ ಮೊಬೈಲಿಗೆ ಬಂದಾಗ ದಯವಿಟ್ಟು ಅದು ನಿಮ್ಮಲ್ಲಿಯೇ ನಿಲ್ಲಲಿ. ಬಿದ್ದವರ ಹೆಸರು ನಿಮಗೆ ತಿಳಿದಿಲ್ಲದಿರಬಹುದು. ಅವರನ್ನು ಅಮ್ಮ ಎಂದೋ ಅಪ್ಪ ಎಂದೋ ಕರೆಯುವವರು ಯಾರೋ ಇದ್ದೇ ಇರುತ್ತಾರೆ.