ಬುಟ್ಟಿಯ ಬೆಲೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳೆಯ ಬೇಸಾಯದ ಮನೆಗಳಲ್ಲಿ ಬುಟ್ಟಿಯಿಲ್ಲದೆ ದಿನ ಸಾಗುತ್ತಿರಲಿಲ್ಲ. ಗದ್ದೆಗೆ ಗೊಬ್ಬರ ಹೊರಲು ಒಂದು, ಭತ್ತ ತುಂಬಲು ಇನ್ನೊಂದು, ಅಕ್ಕಿ ಕೇರಲು ಗೆರಸೆ. ಕಾಡಿನ ಬಳ್ಳಿಗಳಿಂದಲೂ ಬಿದಿರಿನಿಂದಲೂ ಇವನ್ನು ಹೆಣೆದುಕೊಡುತ್ತಿದ್ದವರಲ್ಲಿ ಕೊರಗರು ಪ್ರಮುಖರು. ಬುಟ್ಟಿ ಮನೆಯೊಳಗೆ ಹೋಯಿತು. ಹೆಣೆದವರು ಅಂಗಳದಾಚೆಯೇ ನಿಂತರು. ಔತಣದ ದಿನ ಅವರ ಪಾಲಿಗೆ ಬಂದುದು ಎಂಜಲು. ಪರರ ಅಮಂಗಳವನ್ನು ಅವರ ತಲೆಗೆ ಕಟ್ಟುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕವು 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು.

ಕಸುಬಿನ ಮೂಲಕ ಬಾಳನ್ನು ಎತ್ತಬಹುದೆಂಬ ಯೋಚನೆ ಈ ಜಿಲ್ಲೆಗೆ ಹೊಸದಲ್ಲ. ಕುದ್ಮುಲ್ ರಂಗರಾಯರು 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ದಲಿತರ ಮಕ್ಕಳಿಗೆ ಅಕ್ಷರದೊಡನೆ ಕೈಕೆಲಸವನ್ನೂ ಕಲಿಸಿದರು. ಇಂದು ಧರ್ಮಸ್ಥಳದ ಸಿರಿ ಗ್ರಾಮೋದ್ಯೋಗ ಸಂಸ್ಥೆಯು ಹಳ್ಳಿಯ ಮಹಿಳೆಯರು ತಯಾರಿಸಿದ ಊದುಬತ್ತಿ, ಉಡುಪು ಮೊದಲಾದವನ್ನು ಮಾರುತ್ತಿದೆ. ಇಂಥ ವಸ್ತುಗಳನ್ನು ಕೊಂಡರೆ ದುಡಿದವರ ಮನೆಗೆ ನಾಲ್ಕು ಕಾಸು ಸೇರುತ್ತದೆಂಬುದು ನಿಜ. ಆದರೆ ಕನಿಕರದಿಂದ ಕೊಂಡ ಬುಟ್ಟಿ ಅಟ್ಟವನ್ನು ಸೇರುತ್ತದೆ. ಕೊಂಡವರು ಎರಡನೆಯದನ್ನು ಕೇಳಿ ಬರುವುದಿಲ್ಲ. ಗಟ್ಟಿಯಾಗಿದೆ, ಕೆಲಸಕ್ಕೆ ಬರುತ್ತದೆ ಎಂದು ಕೊಂಡವರೇ ಮತ್ತೆ ಬರುತ್ತಾರೆ. ಹೆಣೆದವರಿಗೆ ಬೇಕಾದುದು ಅಂಥ ಗಿರಾಕಿ, ದಾನಿಯಲ್ಲ.

ಬೆಲೆಯ ವಿಷಯದಲ್ಲಂತೂ ಜನರ ನಡತೆ ವಿಚಿತ್ರವಾದುದು. ಅಂಗಡಿಯ ಪ್ಲಾಸ್ಟಿಕ್ ಬುಟ್ಟಿಗೆ ಕೇಳಿದಷ್ಟನ್ನು ತುಟಿಪಿಟಕ್ಕೆನ್ನದೆ ಕೊಡುವವರು, ಬಳ್ಳಿಯ ಬುಟ್ಟಿಯನ್ನು ಕಂಡೊಡನೆ ಚೌಕಾಸಿಗೆ ನಿಲ್ಲುತ್ತಾರೆ. ಕಾಡಿಗೆ ನಡೆದು, ಬಳ್ಳಿ ಕೊಯ್ದು, ಹೊತ್ತು ತಂದು, ಸಿಗಿದು, ಹೆಣೆದ ದುಡಿಮೆ ಅವರ ಲೆಕ್ಕಕ್ಕೆ ಬಾರದು. ನಡುವೆ ದಲ್ಲಾಳಿಯೂ ಸೇರಿದರೆ ಹೆಣೆದವರ ಕೈಗೆ ಉಳಿಯುವುದು ಅತ್ಯಲ್ಪ.

ಪಟ್ಟಣದ ಪ್ರದರ್ಶನಗಳಲ್ಲಿ ಈಗ ಇವೇ ಬುಟ್ಟಿಗಳು ಅಲಂಕಾರದ ವಸ್ತುಗಳಾಗಿ ಮಾರಾಟವಾಗುವುದುಂಟು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಕೊಂಡೊಯ್ದು ಹೂ ಇಡುವವರಿಗೆ ಅಜಲಿನ ಹೆಸರೂ ತಿಳಿಯದಿದ್ದರೆ, ಬುಟ್ಟಿ ತಾನು ಹೇಳಬೇಕಾದ ಮಾತನ್ನು ಹೇಳಲಿಲ್ಲವೆಂದೇ ಅರ್ಥ. ಹೆಣೆದವರು ಯಾರು, ಅವರಿಗೆ ಸಂದುದೆಷ್ಟು ಎಂಬ ಒಂದು ಚೀಟಿಯನ್ನು ಅದಕ್ಕೆ ಕಟ್ಟುವುದು ಕಷ್ಟದ ಕೆಲಸವೇನಲ್ಲ.

ಹಾಗೆಂದು ಬುಟ್ಟಿ ಹೆಣೆಯುವುದೇ ಕೊರಗರ ಮಕ್ಕಳ ಹಣೆಬರಹವಾಗಕೂಡದು. ಓದಿ ಬೇರೆ ಉದ್ಯೋಗವನ್ನು ಅರಸುವವರನ್ನು, ಕುಲಕಸುಬು ಅಳಿಯುತ್ತದೆಂದು ತಡೆಯಲು ಯಾರಿಗೂ ಅಧಿಕಾರವಿಲ್ಲ. ಹೆಣೆಯಬಯಸುವವರಿಗೆ ಮಾತ್ರ ಬಳ್ಳಿ, ಬಿದಿರುಗಳು ನಿರಾತಂಕವಾಗಿ ದೊರೆಯಬೇಕು. 2006ರ ಅರಣ್ಯ ಹಕ್ಕು ಕಾಯಿದೆಯು ಬಿದಿರು, ಬೆತ್ತಗಳನ್ನು ಕಿರು ಅರಣ್ಯ ಉತ್ಪನ್ನಗಳಲ್ಲಿ ಸೇರಿಸಿ, ಅವನ್ನು ಸಂಗ್ರಹಿಸಿ ಮಾರುವ ಹಕ್ಕನ್ನು ಅರಣ್ಯವಾಸಿ ಬುಡಕಟ್ಟುಗಳಿಗೆ ನೀಡಿದೆ.